ಎದುರುಮನೆಯ ಮಿಸ್ಸು, ಅಮ್ಮನ ರಿಪೋರ್ಟು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತೇನೋ, ಆದರೆ ಬಂದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಊರಿನ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬೊರೇಟರಿಯಲ್ಲಿ ಅವರು ಟೈಪಿಸ್ಟಾಗಿದ್ದರು. ದಿನವೆಲ್ಲ ಕೂತು ಜನರ ಹೆಸರನ್ನು, ಹೆಸರಿನ ಕೆಳಗೆ ಅವರವರ ಕಾಯಿಲೆಯನ್ನು ಟೈಪು ಮಾಡುವುದು ಕೆಲಸ. ಅಷ್ಟೊಂದು ಹೆಸರುಗಳಲ್ಲಿ ಒಂದನ್ನಾದರೂ ಅವರು ಆಸ್ಪತ್ರೆಯ ಗೇಟು ದಾಟಿಸಿ ತಂದವರಲ್ಲ. ಹೋದ ತಿಂಗಳು ಅವರು ತೀರಿಕೊಂಡರೆಂದು ನನ್ನ ತಂಗಿ ಕಾಗದ ಬರೆದಳು. ಮೂರು ಸಾಲಿನ ಸುದ್ದಿ, ನಾಲ್ಕನೆಯ ಸಾಲಿನಿಂದ ಅವಳ ಮಗನ ಮುಂಜಿಯ ವಿಷಯ. ನಾನು ಆ ಮೂರು ಸಾಲನ್ನೇ ಎರಡು ದಿನ ಓದಿದೆ.

ಐವತ್ತರ ದಶಕದ ನಡುವಿನಲ್ಲಿ ನಾವು ಬಸವನಗುಡಿಯ ವಠಾರ ಬಿಟ್ಟು ಜಯನಗರಕ್ಕೆ ಹೋದಾಗ ನೆಂಟರು ನಮ್ಮನ್ನು ವನವಾಸಕ್ಕೆ ಕಳಿಸುವವರಂತೆ ಬೀಳ್ಕೊಟ್ಟಿದ್ದರು. ಅಲ್ಲಿ ಮನೆಗಳಿಗಿಂತ ಸೈಟಿನ ಗುರುತಿಗೆ ನೆಟ್ಟ ಕಲ್ಲುಗಳೇ ಹೆಚ್ಚು. ಸಂಜೆ ಹಾವು, ಬೆಳಿಗ್ಗೆ ಹಾವು ಕಂಡವರ ಮಾತು. ನಮ್ಮ ರಸ್ತೆಯಲ್ಲಿ ಇದ್ದದ್ದು ಏಳು ಮನೆ. ಎದುರುಮನೆಯ ಹಿತ್ತಲಲ್ಲಿ ಒಂದೂವರೆ ಕೋಣೆಯ ಔಟ್‌ಹೌಸಿತ್ತು, ಅದರಲ್ಲಿ ಅವರು ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಅವರಿಗೆ ಬರುವ ಕಾಗದಗಳ ಮೇಲೆ ಹೆಸರಿನ ಹಿಂದೆ ಮಿಸ್ ಎಂದಿರುತ್ತಿದ್ದುದನ್ನು ಪೋಸ್ಟಿನವನು ಗಟ್ಟಿಯಾಗಿ ಓದಿ ಓದಿ ರಸ್ತೆಗೆಲ್ಲ ಅವರು ಮಿಸ್ ಆದರು.

ನಲವತ್ತು ದಾಟಿದ ಮಿಸ್‌ಗೆ ನವರಾತ್ರಿಯಲ್ಲಿ ಅರಿಶಿನ ಕುಂಕುಮವನ್ನು ಮುತ್ತೈದೆಯರ ಸಾಲಿನಲ್ಲಿ ಕೂರಿಸಿ ಕೊಡಬೇಕೋ, ಲಂಗ ತೊಟ್ಟ ಹುಡುಗಿಯರ ಸಾಲಿನಲ್ಲಿ ಕೂರಿಸಿ ಕೊಡಬೇಕೋ ಎಂದು ನಮ್ಮ ಹೆಂಗಸರು ಎರಡು ವರ್ಷ ಚರ್ಚೆ ಮಾಡಿದರು. ಕೊನೆಗೆ ಅಮ್ಮ, ಎಲ್ಲಿ ಕೂರುತ್ತೀರಿ ಎಂದು ಅವರನ್ನೇ ಕೇಳಿದಳು. ಕಿಟಕಿ ಪಕ್ಕ ಎಂದರು. ಆ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು.

ಅವರ ಮುಖದ ಬಗ್ಗೆ ಹೇಳಬೇಕು. ಆ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು ಎಂದು ನನಗೆ ತಿಳಿದದ್ದು ನಿಧಾನವಾಗಿ. ನಮ್ಮ ಕಡೆಯ ಯಾರಾದರೂ ಆ ಆಸ್ಪತ್ರೆಯಲ್ಲಿ ರಕ್ತವನ್ನೋ ಗಂಟಿನ ಚೂರನ್ನೋ ಪರೀಕ್ಷೆಗೆ ಕೊಟ್ಟಿದ್ದರೆ ಆ ಮನೆಯವರು ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ಕೇಳಿದರೆ ಮಿಸ್ ಹೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಬಸ್ಸಿಳಿಯುವಾಗ ಮುಖ ನೋಡುವುದು. ಒಮ್ಮೆ ನೆಗಡಿಯಾಗಿ ಕಣ್ಣೊರೆಸಿಕೊಳ್ಳುತ್ತ ಇಳಿದದ್ದಕ್ಕೆ ಮೂರನೆಯ ಮನೆಯಲ್ಲಿ ಆ ರಾತ್ರಿ ಒಲೆ ಹಚ್ಚಲಿಲ್ಲ. ವಾರದ ನಂತರ ಆ ಮನೆಯವರ ರಿಪೋರ್ಟು ಬಂತು. ಏನೂ ಇರಲಿಲ್ಲ. ಅಲ್ಲಿಂದ ಮುಂದೆ ನೆಗಡಿಯಾದಾಗಲೆಲ್ಲ ಮಿಸ್ ಒಂದು ಸ್ಟಾಪು ಮುಂಚೆಯೇ ಇಳಿದು, ಖಾಲಿ ಸೈಟುಗಳ ನಡುವೆ ನಡೆದು ಬರುತ್ತಿದ್ದರು.

ತಾವಾಗಿ ಏನನ್ನೂ ಹೇಳದಿದ್ದ ಅವರು, ಯಾರಾದರೂ ರಿಪೋರ್ಟು ತೆಗೆದುಕೊಂಡು ತಮ್ಮ ಮನೆಗೆ ಬಂದರೆ ಮಾತ್ರ ಒಂದಕ್ಷರ ಬಿಡದೆ ಓದಿ ಅರ್ಥ ಹೇಳುತ್ತಿದ್ದರು. ನಮ್ಮ ರಸ್ತೆಯ ಗಂಡಸರಿಗೆಲ್ಲ ಇಂಗ್ಲಿಷು ಬರುತ್ತಿತ್ತು, ಆದರೆ ಆ ಇಂಗ್ಲಿಷು ಬರುತ್ತಿರಲಿಲ್ಲ. ಮಿಸ್‌ದು ಒಂದೇ ಷರತ್ತು. ಹಾಳೆಯ ಮೇಲೆ ಯಾರ ಹೆಸರಿದೆಯೋ ಅವರೇ ಎದುರಿಗೆ ಕೂತಿರಬೇಕು.

ಉತ್ತರಹಳ್ಳಿಯ ರೈತನೊಬ್ಬ ಒಂದು ಭಾನುವಾರ ಗಾಡಿ ಕಟ್ಟಿಕೊಂಡು ಬಂದ. ನಾನು ಆಗ ಅವರಲ್ಲಿ ಇಂಗ್ಲಿಷ್ ಪಾಠ ಹೇಳಿಸಿಕೊಳ್ಳುತ್ತ ಕೂತಿದ್ದೆ. ಹೆಂಡತಿಯ ಎದೆಯಲ್ಲಿ ಗಂಟಾಗಿ, ಆಸ್ಪತ್ರೆಯಲ್ಲಿ ಅದರ ಚೂರು ತೆಗೆದು ನೋಡಿದ್ದರು. ಮಿಸ್ ಹಾಳೆಯ ಮೇಲಿನ ಹೆಸರನ್ನು ನೋಡಿ, ಇದು ನೀವಲ್ಲವಲ್ಲ ಎಂದು ಹಿಂದಕ್ಕೆ ಕೊಟ್ಟರು. ಹೆಂಗಸು, ಅವಳಿಗೇನು ತಿಳಿಯುತ್ತದೆ, ನನಗೆ ಹೇಳಿದರೆ ಸಾಕು ಎಂದ ಅವನು. ಅವರಿಗೆ ತಿಳಿಯುವ ಹಾಗೆ ಹೇಳುವುದು ನನ್ನ ಕೆಲಸ ಎಂದರು ಇವರು. ಅವನು ಗಾಡಿ ತಿರುಗಿಸಿಕೊಂಡು ಹೋಗಿ ಸಂಜೆಗೆ ಹೆಂಡತಿಯನ್ನು ಕೂರಿಸಿಕೊಂಡು ಬಂದ. ಆಕೆ ಚಾಪೆಯ ಅಂಚಿನಲ್ಲಿ ಸೆರಗು ಹೊದ್ದು ಕೂತಳು. ಮಿಸ್ ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿದರು.

"ದನದ ಹಾಗೆ ಗಂಟಲ್ಲೂ ಎರಡು ಜಾತಿ ಇದೆಯಮ್ಮ. ಒಂದು ಸಾಧು, ಒಂದು ಹಾಯೋದು. ನಿಮ್ದು ಸಾಧು. ಕಟ್ಟಿದ ಕಡೆ ಇರತ್ತೆ. ತೆಗೆಸಿದ್ರೆ ಆಯ್ತು."

ಆಕೆ, "ಹಂಗಾರೆ ನಮ್ಮಪ್ಪಂಗೆ ಬರ್ಬ್ಯಾಡ ಅಂತ ಯೋಳ್ಕಳುಸ್ಲಾ?" ಎಂದು ಕೇಳಿದಳು. ಮಗಳನ್ನು ಕರೆದುಕೊಂಡು ಹೋಗಿ ಎಂದು ಗಂಡ ಆಗಲೇ ಮಾವನಿಗೆ ಹೇಳಿಕಳಿಸಿದ್ದ. ಮಿಸ್ ಅವನ ಕಡೆ ತಿರುಗಿ ನೋಡಿದರು. ಮುಖದಲ್ಲಿ ಎಂದಿನಂತೆ ಏನೂ ಇರಲಿಲ್ಲ. ಅವನು ಎದ್ದು ಹೋಗಿ ಎತ್ತುಗಳಿಗೆ ಹುಲ್ಲು ಹಾಕಿದ.

ಅದಾದ ಮುಂದಿನ ವರ್ಷ ಕಾಯಿಲೆ ನಮ್ಮ ಮನೆಗೇ ಬಂತು. ಅಮ್ಮನಿಗೆ ಆಗ ನಲವತ್ತೆರಡು. ಎಡಗಡೆಯ ಎದೆಯಲ್ಲಿ ಗೋಲಿಯಷ್ಟು ಗಂಟಿತ್ತು. ಆರು ತಿಂಗಳು ಯಾರಿಗೂ ಹೇಳದೆ ತಾನೇ ಹರಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೊಂಡಿದ್ದಳು. ಕೊನೆಗೆ ಅಪ್ಪನಿಗೆ ಗೊತ್ತಾಗಿ, ಆಸ್ಪತ್ರೆಗೆ ಹೋಗಿ, ಚೂರು ತೆಗೆದದ್ದೂ ಆಯಿತು. ರಿಪೋರ್ಟು ಅಂಟಿಸಿದ ಲಕೋಟೆಯಲ್ಲಿ ಬಂತು. ಮೇಲೆ ಸರ್ಜನ್ನರ ಹುದ್ದೆ, ಅದರ ಕೆಳಗೆ ಅಮ್ಮನ ಹೆಸರು. ಅಪ್ಪ ಅದನ್ನು ಒಯ್ದು ಸರ್ಜನ್ನರಿಗೆ ತೋರಿಸಬೇಕಾಗಿತ್ತು.

ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕಡತಗಳಿಗೆ ಅವುಗಳದೇ ಒಂದು ನಡಿಗೆ ಇರುತ್ತದೆ ಎಂದು ನಂಬಿದವರು. ಲಕೋಟೆ ಕೈಗೆ ಬಂದ ಮಾರನೆಯ ದಿನವೇ ಪಿತೃಪಕ್ಷ ಹಿಡಿಯಿತು. ಪಕ್ಷದಲ್ಲಿ ಯಾವುದನ್ನೂ ಶುರುಮಾಡಬಾರದು, ಒಡೆಯಬಾರದು, ಮುಗಿಯಲಿ ಎಂದು ಅಪ್ಪ ಅದನ್ನು ದೇವರ ಗೂಡಿನಲ್ಲಿ ಇಟ್ಟರು. ಒಳ್ಳೆಯದೇ ಬರಲಿ ಎಂದು ಇಟ್ಟದ್ದು, ಅದರಲ್ಲಿ ಮೋಸವಿಲ್ಲ. ಅಮ್ಮ ಬೆಳಿಗ್ಗೆ ಎಲ್ಲ ದೇವರಿಗೂ ಹೂವಿಟ್ಟು, ಲಕೋಟೆಗೂ ಒಂದು ಇಟ್ಟು, ಅಕ್ಷತೆ ಹಾಕುತ್ತಿದ್ದಳು. ಹದಿನೈದು ದಿನ ನಮ್ಮ ಮನೆಯಲ್ಲಿ ಒಂದು ದೇವರು ಹೆಚ್ಚಿಗೆ ಇತ್ತು. ನನಗೆ ಆಗ ಹದಿನೇಳು, ಓದು ಬರಹ ಬರುತ್ತಿತ್ತು, ನಾನೂ ಬಾಯಿ ಬಿಡಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂದಾಗಲೆಲ್ಲ ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಆ ಲಕೋಟೆಯಲ್ಲಿ ಏನಿದೆಯೆಂದು ನಮ್ಮ ರಸ್ತೆಯಲ್ಲಿ ಒಬ್ಬರಿಗೆ ಗೊತ್ತಿತ್ತು. ಅವರು ಆ ಹದಿನೈದು ದಿನವೂ ಸಂಜೆ ಬಸ್ಸಿಳಿದವರೇ ನಮ್ಮ ಮನೆಗೆ ಬಂದು ಮೊಸರಿಗೆ ಹೆಪ್ಪು ಕೇಳಿದರು. ಅಮ್ಮ ದಿನವೂ ಒಂದು ಚಮಚ ಕೊಟ್ಟಳು. ಮಿಸ್ ಅದನ್ನು ಬಟ್ಟಲಲ್ಲಿ ಹಿಡಿದು ಐದು ನಿಮಿಷ ನಿಲ್ಲುವರು, ದೇವರ ಗೂಡಿನ ಕಡೆ ನೋಡುವರು, ಹೋಗುವರು. ಒಬ್ಬ ಹೆಂಗಸಿನ ಮನೆಯಲ್ಲಿ ದಿನವೂ ಹೆಪ್ಪು ಮುಗಿಯುವುದು ಹೇಗೆ ಎಂದು ಅಮ್ಮನಿಗೆ ಆಶ್ಚರ್ಯವಾಗುತ್ತಿತ್ತು. ಲಕೋಟೆ ತನ್ನಿ ಎಂದು ಮಿಸ್ ತಾವಾಗಿ ಹೇಳುವ ಹಾಗಿಲ್ಲ, ಹೇಳಿದರೆ ಅದೇ ರಿಪೋರ್ಟು ಓದಿದ ಹಾಗೆ. ಆ ಹದಿನೈದು ಸಂಜೆ ಅವರಿಗೆ ಹೇಗಿತ್ತು ಎಂಬುದನ್ನು ನಾನು ಈಗಲೂ ಯೋಚಿಸಲಾರೆ.

ಅಮಾವಾಸ್ಯೆ ಕಳೆಯಿತು. ಇನ್ನು ನವರಾತ್ರಿ, ಹಬ್ಬದ ಹೊತ್ತಿನಲ್ಲಿ ಯಾಕೆ, ವಿಜಯದಶಮಿ ಆಗಲಿ ಎಂದರು ಅಪ್ಪ. ಬೊಂಬೆ ಕೂರಿಸಿದ ಮೊದಲ ಸಂಜೆ ಹೆಂಗಸರೆಲ್ಲ ಬಂದು ಹೋದ ಮೇಲೆ ಮಿಸ್ ಬಂದರು. ಕಿಟಕಿಯ ಪಕ್ಕ ಕೂತು ಕುಂಕುಮ ಇಟ್ಟುಕೊಂಡರು. ಬೊಂಬೆಗಳನ್ನು ನೋಡಲಿಲ್ಲ.

"ಆ ಗೂಡಲ್ಲಿರೋ ಕವರ್ ಮೇಲೆ ನಿಮ್ಮ ಹೆಸರಿದೆ. ತನ್ನಿ," ಎಂದರು.

ಹಬ್ಬ ಕಳೆಯಲಿ ಎಂದು ಇವರು ಹೇಳಿದ್ದಾರೆ ಎಂದಳು ಅಮ್ಮ.

"ನಾನು ಇದುವರ್ಗೂ ಯಾರ್ ಮನೇಗೂ ಹೋಗಿ ಕಾಗದ ತನ್ನಿ ಅಂತ ಕೇಳಿಲ್ಲ," ಎಂದರು ಮಿಸ್.

ಅಮ್ಮ ದಡ್ಡಿಯಲ್ಲ. ಉತ್ತರಹಳ್ಳಿಯವರ ಕಥೆಯನ್ನು ನನ್ನಿಂದ ಕೇಳಿದ್ದವಳು, ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟು, "ಹಾಯೋ ಜಾತೀನಾ?" ಎಂದಳು.

"ಹಾಯೋ ಜಾತಿ. ಓದ್ತೀನಿ, ಪೂರ್ತಿ ಕೇಳಿ."

ಲಕೋಟೆಯನ್ನು ಅಮ್ಮನ ಕೈಯಲ್ಲೇ ಒಡೆಸಿದರು. ಗಂಟು ಎಷ್ಟು ದೊಡ್ಡದು, ಯಾವ ಬಗೆಯದು, ಸೂಕ್ಷ್ಮದರ್ಶಕದಲ್ಲಿ ಏನು ಕಂಡಿತು, ಎಲ್ಲವನ್ನೂ ಓದಿದರು. ಕ್ಯಾನ್ಸರ್ ಎಂಬ ಪದವನ್ನು ಮೆಲ್ಲಗೆ ಹೇಳಲಿಲ್ಲ, ಜೋರಾಗಿಯೂ ಹೇಳಲಿಲ್ಲ, ಅದರ ಹಿಂದಿನ ಮುಂದಿನ ಪದಗಳನ್ನು ಹೇಳಿದ ಹಾಗೇ ಹೇಳಿದರು. ಆಮೇಲೆ ಹಾಳೆಯನ್ನು ಅಮ್ಮನ ತೊಡೆಯ ಮೇಲೆ ಇಟ್ಟರು.

"ಇದರಲ್ಲಿ ಸಾಯ್ತಾರೆ ಅಂತ ಎಲ್ಲೂ ಬರ್ದಿಲ್ಲ. ನಾನೇ ಟೈಪು ಮಾಡಿದ್ದು, ನಂಗೊತ್ತು. ಆಪರೇಷನ್ ಮಾಡ್ಬೇಕು, ಬೇಗ ಮಾಡ್ಬೇಕು."

ಅಮ್ಮ ಅಳಲಿಲ್ಲ. ಅಳು ಬಂದದ್ದು ನನಗೆ. ಅಷ್ಟರಲ್ಲಿ ಕಚೇರಿಯಿಂದ ಬಂದ ಅಪ್ಪ ಹರಿದ ಲಕೋಟೆ ನೋಡಿದರು. ಪರರ ಮನೆಯ ಹೆಂಗಸಿನ ಮೇಲೆ ಅಪ್ಪ ದನಿಯೇರಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಿಸ್ ಪೂರ್ತಿ ಕೇಳಿಸಿಕೊಂಡರು. ನಂತರ, ರಾಯರೆ, ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡಿ, ಸರ್ಜನ್ನು ಎಂಟಕ್ಕೆ ಬರುತ್ತಾರೆ ಎಂದು ಹೇಳಿ ತಾಂಬೂಲ ತೆಗೆದುಕೊಂಡು ಹೋದರು. ಮಾರನೆಯ ದಿನ ಅವರು ತಮ್ಮ ದೊಡ್ಡ ಡಾಕ್ಟರ ಮುಂದೆ ನಿಂತು, ನಾನು ನಿಯಮ ಮುರಿದೆ, ಕೇಳದೆಯೇ ಒಬ್ಬ ರೋಗಿಯ ರಿಪೋರ್ಟು ಓದಿದೆ ಎಂದು ಒಪ್ಪಿಕೊಂಡರಂತೆ. ರಿಪೋರ್ಟು ಯಾರದು ಎಂದು ಕೇಳಿದರಂತೆ ಡಾಕ್ಟರು. ರೋಗಿಯದೇ ಎಂದರಂತೆ ಇವರು. ಮತ್ತೆ ನನ್ನ ಹತ್ತಿರ ಯಾಕೆ ಬಂದೆ, ಹೋಗಿ ಕೆಲಸ ನೋಡು ಎಂದು ಗದರಿದರಂತೆ. ಅದನ್ನು ಅವರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ, ತಮ್ಮನ್ನು ಯಾರೋ ಅನ್ಯಾಯವಾಗಿ ಖುಲಾಸೆ ಮಾಡಿದರೆಂಬ ದನಿಯಲ್ಲಿ.

ನವರಾತ್ರಿ ಮುಗಿಯುವ ಮೊದಲೇ ಅಮ್ಮನ ಎಡ ಎದೆಯನ್ನು, ಕಂಕುಳಿನ ಗ್ರಂಥಿಗಳನ್ನು ತೆಗೆದರು. ತೆಗೆದದ್ದನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಕಾಯಿಲೆ ಕಂಕುಳಿಗೂ ಹರಡಿದೆಯೇ ಎಂದು ತಿಳಿಯಲು ಇನ್ನೂ ಹಲವು ದಿನ ಕಾಯಬೇಕು. ಅಮ್ಮ ಮನೆಗೆ ಬಂದು ಹೊರಗಿನ ಜಗಲಿಯ ಮೇಲೆ ಕೂರತೊಡಗಿದಳು. ಮೂರು ಸಂಜೆ ಮಿಸ್ ಕಾಣಲಿಲ್ಲ. ಅಮ್ಮ ತಮ್ಮ ಮುಖ ಓದಬಾರದೆಂದು ಹಿಂದಿನ ಖಾಲಿ ಸೈಟುಗಳ ಮೇಲೆ, ಹಾವಿನ ಹುತ್ತ ದಾಟಿ ಅವರು ಮನೆ ಸೇರುತ್ತಿದ್ದರು. ಅಮ್ಮ ನನ್ನ ಕೈಲಿ ಹೇಳಿಕಳಿಸಿದಳು: ನೀವು ಹಿಂದಿನಿಂದ ಬಂದರೆ ನಾನು ಕೆಟ್ಟದ್ದೇ ಅಂದುಕೊಳ್ಳುತ್ತೇನೆ, ಮುಂದಿನಿಂದಲೇ ಬನ್ನಿ. ಆಮೇಲೆ ದಿನವೂ ಮುಂದಿನಿಂದ ಬಂದರು. ಗೇಟಿನ ಹತ್ತಿರ ನಿಂತು, ಇವತ್ತು ಬಂದಿಲ್ಲ ಎಂದು ಹೇಳಿ ಹೋಗುವರು. ಆರು ಸಂಜೆ ಅದೇ ಮಾತು. ಏಳನೆಯ ಸಂಜೆ ಗೇಟು ತೆಗೆದು ಒಳಗೆ ಬಂದು ಅಮ್ಮನ ಪಕ್ಕ ಕೂತರು. ಸರ್ಜನ್ನರನ್ನು ಕೇಳಿಯೇ ತಂದಿದ್ದ ಹಾಳೆಯನ್ನು ಚೀಲದಿಂದ ತೆಗೆದರು.

"ಹನ್ನೊಂದು ಗ್ರಂಥಿ ನೋಡಿದಾರೆ. ಎರಡರಲ್ಲಿ ಇದೆ."

"ಒಂಬತ್ರಲ್ಲಿ ಇಲ್ಲ?"

"ಇಲ್ಲ."

"ಆ ಎರಡನ್ನ ತೆಗ್ದಿದಾರಾ?"

"ಹನ್ನೊಂದನ್ನೂ ತೆಗ್ದಿದಾರೆ."

ಎಷ್ಟು ವರ್ಷ ಇರುತ್ತೇನೆ ಎಂದು ಅಮ್ಮ ಕೇಳಿದಳು. ಅದು ಇದರಲ್ಲಿಲ್ಲ, ಇಲ್ಲದ್ದನ್ನು ನಾನು ಓದುವುದಿಲ್ಲ ಎಂದರು ಮಿಸ್. ಸರಿ, ಕಾಫಿ ಕುಡಿಯುತ್ತೀರಾ ಎಂದಳು ಅಮ್ಮ. ಅವರು ಕುಡಿದರು.

ಅಲ್ಲಿಂದ ಮುಂದಿನದೆಲ್ಲ ಮಿಸ್ ಕೈಗೆ ಹೋಯಿತು. ಎಡಗೈ ಮೇಲಕ್ಕೆ ಏಳಬೇಕಲ್ಲ, ಅದಕ್ಕೆ ನಡುಮನೆಯ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವ ವ್ಯಾಯಾಮ. ಎಲ್ಲಿಯವರೆಗೆ ಹತ್ತಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಹಾಕುತ್ತಿದ್ದರು. ಹೊಸದಾಗಿ ಸುಣ್ಣ ಬಳಿದ ಗೋಡೆ ಎಂದು ಅಪ್ಪ ಒಂದು ಮಾತು ಹೇಳಿ ಸುಮ್ಮನಾದರು. ಕುಪ್ಪಸದ ಒಳಗೆ ಇಟ್ಟುಕೊಳ್ಳಲು ಬಟ್ಟೆಯ ಚೀಲ ಹೊಲಿದು ತಂದರು. ಹತ್ತಿ ತುಂಬಿದರೆ ಹಗುರ, ಸೀರೆ ಒಂದು ಕಡೆಗೆ ಎಳೆಯುತ್ತದೆ, ಸಾಸಿವೆ ಜಾರುತ್ತದೆ, ರಾಗಿ ಸರಿಯಾಗಿ ಕೂರುತ್ತದೆ, ಮಳೆಗಾಲದಲ್ಲಿ ಮುಗ್ಗಲು ಹಿಡಿಯುವ ಮುಂಚೆ ಬದಲಾಯಿಸಿ ಎಂದು ವಿವರಿಸಿದರು. ಬದಲಾಯಿಸಿದ ರಾಗಿಯನ್ನು ಏನು ಮಾಡಬೇಕೆಂದು ಅಮ್ಮ ಕೇಳಿದಳು. ಗುಬ್ಬಿಗೆ ಹಾಕಿ ಎಂದರು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದಕ್ಕೆ ಆರು ವಾರ ಆಸ್ಪತ್ರೆಗೆ ಹೋಗಬೇಕಾದಾಗ ಅಮ್ಮನನ್ನು ತಮ್ಮ ಬಸ್ಸಿನಲ್ಲೇ, ಜನ ತಗುಲದ ಹಾಗೆ ಎಡಗಡೆ ತಾವು ಕೂತು, ಕರೆದುಕೊಂಡು ಹೋದರು.

ಅಮ್ಮ ಚೇತರಿಸಿಕೊಂಡಳು. ಸೊರಗಿದವರು ಅಪ್ಪ. ಎರಡನೆಯ ರಿಪೋರ್ಟು ಬಂದ ದಿನದಿಂದ ಅವರು ರಾತ್ರಿಯ ಊಟ ಬಿಟ್ಟಿದ್ದರು. ಹೊಟ್ಟೆ ಸರಿಯಿಲ್ಲ ಎನ್ನುವರು. ಸಂಜೆ ದೇವರ ಗೂಡಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ಮೂರು ತಿಂಗಳಲ್ಲಿ ಕೋಟು ಹೆಗಲಿಂದ ಜೋತುಬಿತ್ತು. ಅಮ್ಮ ಕೇಳಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಒಂದು ಸಂಜೆ ನಾನು ಗಿಡಕ್ಕೆ ನೀರು ಹಾಕುತ್ತಿದ್ದಾಗ ಅಪ್ಪ ಗೇಟಿನಲ್ಲಿ ಮಿಸ್ ಅವರನ್ನು ನಿಲ್ಲಿಸಿದರು.

"ನೋಡೀಮ್ಮ, ಒಂದು ಕೇಳ್ತೀನಿ. ನಾನು ಅದನ್ನ ದೇವರ ಮುಂದೆ ಇಟ್ನಲ್ಲ ಹದಿನೈದು ದಿನ. ಆ ಎರಡಕ್ಕೆ ಹರಡಿದ್ದು ಆವಾಗ್ಲಾ?"

ಇಲ್ಲದ್ದನ್ನು ಓದುವುದಿಲ್ಲ ಎಂದು ಮಿಸ್ ಹೇಳುತ್ತಾರೆ ಎಂದುಕೊಂಡೆ. ಅವರು, ಎರಡನೆಯ ರಿಪೋರ್ಟು ಕೊಡಿ, ನಾಳೆ ನೋಡಿ ಹೇಳುತ್ತೇನೆ ಎಂದು ಹಾಳೆ ಇಸಿದುಕೊಂಡು ಹೋದರು. ಮಾರನೆಯ ಸಂಜೆ ತಂದು ಅಪ್ಪನ ಕೈಗೆ ಕೊಟ್ಟರು.

"ಕೊನೇ ಸಾಲು ಓದಿ ರಾಯರೆ. ಅವತ್ತು ಓದುವಾಗ ಬಿಟ್ಟುಬಿಟ್ಟಿದ್ದೆ."

ಗ್ರಂಥಿಗಳಲ್ಲಿರುವುದು ಬಹಳ ತಿಂಗಳ ಹಿಂದಿನದು, ಇತ್ತೀಚಿನದಲ್ಲ ಎಂದು ಇಂಗ್ಲಿಷಿನಲ್ಲಿ ಇತ್ತು. ಅಪ್ಪ ಅದನ್ನು ಮೂರು ಸಲ ಓದಿದರು. ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು, ಅದರ ಮೇಲೆ ಬೆರಳಾಡಿಸಿದರು, ಮತ್ತೆ ತಿರುಗಿಸಿ ಓದಿದರು. ಬಹಳ ಉಪಕಾರವಾಯಿತಮ್ಮ ಎಂದು ಕೈ ಮುಗಿದರು. ನಮ್ಮ ಅಪ್ಪ ತಮಗಿಂತ ಚಿಕ್ಕವರಿಗೆ ಕೈ ಮುಗಿಯುವವರಲ್ಲ. ಆ ರಾತ್ರಿ ಅಮ್ಮ ಕರೆಯುವ ಮುಂಚೆಯೇ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತರು.

ಅಮ್ಮ ಇನ್ನೂ ಒಂಬತ್ತು ವರ್ಷ ಇದ್ದಳು. ನನ್ನ ಮದುವೆ ಮಾಡಿದಳು, ಗುಬ್ಬಿಗಳಿಗೆ ರಾಗಿ ಹಾಕಿದಳು, ರಸ್ತೆಯಲ್ಲಿ ಯಾವ ಹೆಂಗಸಾದರೂ ಎದೆಯಲ್ಲಿ ಗಂಟು ಎಂದು ಪಿಸುಗುಟ್ಟಿದರೆ ಹರಳೆಣ್ಣೆ ಶೀಶೆಯನ್ನು ಕಿತ್ತುಕೊಂಡು ಆಸ್ಪತ್ರೆಗೆ ಅಟ್ಟಿದಳು. ಅರವತ್ತರ ದಶಕದ ಕೊನೆಯಲ್ಲಿ ಕಾಯಿಲೆ ಬೆನ್ನುಮೂಳೆಗೆ ಬಂತು. ಆಗಲೂ ರಿಪೋರ್ಟು ಓದಿದವರು ಮಿಸ್ಸೇ, ಕೇಳಿದವಳು ಅಮ್ಮನೇ. ಅವಳು ಹೋದ ಎರಡು ವರ್ಷಕ್ಕೆ ಅಪ್ಪನೂ ಹೋದರು.

ಅಪ್ಪನ ಟ್ರಂಕು ತೆಗೆದವಳು ನಾನು. ಅಷ್ಟು ಹೊತ್ತಿಗೆ ನಾನೂ ಟೈಪಿಂಗ್ ಕಲಿತು ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಆ ಎರಡನೆಯ ರಿಪೋರ್ಟು ಪಂಚೆಯಲ್ಲಿ ಸುತ್ತಿ ಇಟ್ಟಿತ್ತು. ಮೂಲ ಪ್ರತಿ ಆಸ್ಪತ್ರೆಯಲ್ಲೇ ಉಳಿಯುತ್ತದೆ, ಮನೆಯವರಿಗೆ ಕೊಡುವುದು ಕಾರ್ಬನ್ ಪ್ರತಿ. ಹಾಳೆಯೆಲ್ಲ ಮಸುಕಾದ ನೀಲಿ ಅಕ್ಷರ, ಹಿಂಬದಿ ನುಣುಪು. ಕೊನೆಯ ಸಾಲು ಮಾತ್ರ ಆಮೇಲೆ ನೇರವಾಗಿ ಈ ಹಾಳೆಯ ಮೇಲೇ ಹೊಡೆದ ಟೈಪ್‌ರೈಟರ್ ರಿಬ್ಬನ್ನಿನ ಕಪ್ಪು, ಅಕ್ಷರಗಳು ಚೂಪಾಗಿ ಕಾಗದದ ಹಿಂದಕ್ಕೆ ಒತ್ತಿಕೊಂಡಿದ್ದವು. ಉಳಿದದ್ದನ್ನು ಡಾಕ್ಟರು ಹೇಳಿ ಬರೆಸಿದ್ದು. ಈ ಸಾಲನ್ನು ಯಾರೂ ಹೇಳಿ ಬರೆಸಿರಲಿಲ್ಲ. ನನಗೆ ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಹದಿನೈದು ದಿನದಿಂದ ಅಂಥ ವ್ಯತ್ಯಾಸವೇನೂ ಆಗಿರಲಾರದು, ಆದರೆ ಹೀಗೆಂದು ಯಾರೂ ರಿಪೋರ್ಟಿನಲ್ಲಿ ಬರೆಯುವುದಿಲ್ಲ ಎಂದರು. ತನ್ನ ಕೆಲಸದ ಜೀವನದಲ್ಲೆಲ್ಲ ಬೇರೆಯವರ ಮಾತನ್ನು ಅಕ್ಷರ ತಪ್ಪದೆ ಹೊಡೆದ ಹೆಂಗಸು ಸ್ವಂತದ್ದೆಂದು ಬರೆದದ್ದು ಬಹುಶಃ ಆ ಒಂದು ಸಾಲು.

ನನಗೆ ಒಂದು ನೋಟಕ್ಕೆ ತಿಳಿದದ್ದು ಅಪ್ಪನಿಗೆ ತಿಳಿಯಲಿಲ್ಲ ಎಂದು ಮೊದಲು ಅಂದುಕೊಂಡೆ. ಆಮೇಲೆ ಟ್ರಂಕಿನ ಮುಂದೆ ಕೂತೇ ನೆನಪಾಯಿತು, ಅಪ್ಪ ಮೂವತ್ತು ವರ್ಷ ಕಚೇರಿಯಲ್ಲಿ ಮಾಡಿದ್ದು ಕಾರ್ಬನ್ ಪ್ರತಿಗಳನ್ನು ಮೂಲದ ಜೊತೆ ತಾಳೆ ನೋಡುವ ಕೆಲಸ. ಆಮೇಲೆ ಸೇರಿಸಿದ ಒಂದು ಅಲ್ಪವಿರಾಮ ಕಂಡರೂ ಕಡತವನ್ನು ವಾಪಸು ಕಳಿಸುತ್ತಿದ್ದವರು. ಆ ಸಾಲನ್ನು ಯಾರು ಹೊಡೆದರು, ಯಾಕೆ ಹೊಡೆದರು ಎಂದು ಗೇಟಿನ ಹತ್ತಿರವೇ ಅವರಿಗೆ ಗೊತ್ತಾಗಿತ್ತು. ಗೊತ್ತಾಗಿಯೇ ಕೈ ಮುಗಿದು, ಒಳಗೆ ಬಂದು, ಊಟಕ್ಕೆ ಕೂತಿದ್ದರು.